ಶಾಲೆಯ ವಿಜ್ಞಾನ ಪಾಠದಲ್ಲಿ ಕೈಗೆಲಸದ ಸ್ಥಾನ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ವೈದ್ಯನಾಥಪುರ)

ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವ ಬಿ.ಎ. ತರಗತಿಯವಳಿಗೆ ವಿಜ್ಞಾನ ಬೋಧನೆಯ ವಿಷಯವಾಗಿ ಲೇಖನ ಬರೆಯಲು ಏನು ಅಧಿಕಾರವಿದೆ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ನನಗಿರುವ ಅಧಿಕಾರ ಇಷ್ಟು ಮಾತ್ರ: ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಓದಿ, ಅದಕ್ಕೆ ಹೆದರಿ, ಅದನ್ನು ಬಿಟ್ಟು ಬಂದವರಲ್ಲಿ ನಾನೂ ಒಬ್ಬಳು. ಕಲಾವಿಭಾಗಕ್ಕೆ ಬಂದುದಕ್ಕಾಗಿ ನನಗೆ ವ್ಯಸನವಿಲ್ಲ. ಇತಿಹಾಸವನ್ನು ಪ್ರೀತಿಯಿಂದಲೇ ಓದಿದ್ದೇನೆ. ಆದರೆ ಪ್ರೀತಿಯಿಂದ ಒಂದನ್ನು ಆರಿಸಿಕೊಳ್ಳುವುದು ಬೇರೆ, ಭಯದಿಂದ ಇನ್ನೊಂದನ್ನು ಬಿಡುವುದು ಬೇರೆ. ಆ ಭಯ ಹೇಗೆ ಹುಟ್ಟಿತು, ಹುಟ್ಟದಂತೆ ಮಾಡಲು ಸಾಧ್ಯವಿತ್ತೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧. ನನ್ನ ಅನುಭವ

ನಮ್ಮ ಊರು ಮದ್ದೂರಿಗೆ ಸಮೀಪದಲ್ಲಿ, ಶಿಂಷಾ ನದಿಯ ದಡದಲ್ಲಿ, ವೈದ್ಯನಾಥೇಶ್ವರನ ದೇವಾಲಯವಿರುವ ಹಳ್ಳಿ. ನನ್ನ ತಂದೆಯವರು ಏಳನೆಯ ತರಗತಿಯವರೆಗೆ ಮಾತ್ರ ಓದಿದವರು. ಮದ್ದೂರಿನಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಸಣ್ಣ ಅಂಗಡಿಯೊಂದು ಅವರದು. ಬೇಸಿಗೆ ಬಂದು ವಿದ್ಯುಚ್ಛಕ್ತಿಯ ಒತ್ತಡ ಇಳಿಯಿತೆಂದರೆ ಸುತ್ತಲ ಹಳ್ಳಿಗಳ ಪಂಪುಸೆಟ್ಟುಗಳು ಸುಟ್ಟು ಅವರ ಅಂಗಡಿಗೆ ಬರುತ್ತವೆ. ಸುಟ್ಟ ತಂತಿಯನ್ನು ಕಿತ್ತು, ಎಷ್ಟು ಸುತ್ತು, ಯಾವ ದಪ್ಪದ ತಂತಿ ಎಂಬುದನ್ನು ಎಣಿಸಿಟ್ಟುಕೊಂಡು, ಹೊಸ ತಾಮ್ರದ ತಂತಿಯನ್ನು ಅದೇ ಕ್ರಮದಲ್ಲಿ ಸುತ್ತಿ ಕೂರಿಸುವುದು ಅವರ ಕೆಲಸ. ಒಂದು ಸುತ್ತು ತಪ್ಪಿದರೂ ಅವರ ಬೆರಳಿಗೆ ಗೊತ್ತಾಗುತ್ತದೆ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ವಿದ್ಯುತ್ಪ್ರವಾಹದ ಕಾಂತೀಯ ಪರಿಣಾಮ ಎಂಬ ಪಾಠವಿತ್ತು. ಫ್ಲೆಮಿಂಗನ ಎಡಗೈ ನಿಯಮವನ್ನು ನಾನು ಬಾಯಿಪಾಠ ಮಾಡುತ್ತಿದ್ದೆ. ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ವಿದ್ಯುತ್ಪ್ರವಾಹ, ಹೆಬ್ಬೆರಳು ಬಲ. ರಾತ್ರಿ ಊಟಕ್ಕೆ ಬಂದ ತಂದೆಯವರು, "ಏನವ್ವ ಅದು, ಬೆರಳ ಹಂಗೆ ಹಿಡ್ಕಂಡು ಕುಂತಿದ್ದೀಯ?" ಎಂದು ಕೇಳಿದರು. "ಅದು ವಿಜ್ಞಾನ, ನಿಮಗೆ ಗೊತ್ತಾಗಲ್ಲ" ಎಂದುಬಿಟ್ಟೆ. ಅವರು ಸುಮ್ಮನಾದರು. ಅವರ ಅಂಗಿಯ ಮೇಲೆ ಆಗಲೂ ವಾರ್ನಿಷಿನ ವಾಸನೆಯಿತ್ತು. ಮೋಟಾರು ಸುತ್ತುವವನ ಮುಂದೆ ಕುಳಿತು ಮೋಟಾರಿನ ಪಾಠವನ್ನು ಓದುತ್ತಿದ್ದೇನೆ ಎಂಬುದು ನನಗೆ ತೋಚಲೇ ಇಲ್ಲ. ಇಂದಿಗೂ ಆ ಮಾತನ್ನು ನೆನೆದರೆ ನಾಚಿಕೆಯಾಗುತ್ತದೆ.

ನಾನು ಓದಿದ ಶಾಲೆಯಲ್ಲಿ ಪ್ರಯೋಗ ಸಾಮಗ್ರಿಗಳ ಒಂದು ಬೀರುವಿತ್ತು. ಗಾಜಿನ ಬಾಗಿಲಿನ ಹಿಂದೆ ಅಯಸ್ಕಾಂತಗಳು, ಮಸೂರಗಳು, ಒಂದು ವಿದ್ಯುತ್ ಗಂಟೆ ಕಾಣುತ್ತಿದ್ದುವು. ಮೂರು ವರ್ಷಗಳಲ್ಲಿ ಅದರ ಬೀಗ ತೆಗೆದುದನ್ನು ನಾನು ಒಮ್ಮೆಯೂ ನೋಡಲಿಲ್ಲ. ಇದರಲ್ಲಿ ಯಾವ ಉಪಾಧ್ಯಾಯರನ್ನೂ ದೂರುವುದು ನನ್ನ ಇಚ್ಛೆಯಲ್ಲ. ಸಾಮಾನು ಒಡೆದರೆ ಲೆಕ್ಕ ಕೊಡಬೇಕಾದವರು ಅವರು. ಫಲಿತಾಂಶ ಇಳಿದರೆ ಉತ್ತರ ಹೇಳಬೇಕಾದವರೂ ಅವರೇ. ಆದರೆ ಬೀಗದ ಹಿಂದಿದ್ದ ವಿಜ್ಞಾನ ನಮ್ಮದಲ್ಲವೆಂಬ ಭಾವನೆ ಮಾತ್ರ ನನ್ನಲ್ಲಿ ಬೇರೂರಿತು.

ಒಂದು ಮಾತನ್ನು ಇಲ್ಲಿ ಹೇಳಬೇಕು. ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮ ಕಲಿಕೆ ಹೀಗಿರಲಿಲ್ಲ. ನಾವು 'ನಲಿ-ಕಲಿ' ಪದ್ಧತಿಯ ಮಕ್ಕಳು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಯೋಗರೂಪವಾಗಿ ಆರಂಭವಾದ ಈ ಪದ್ಧತಿಯನ್ನು ೨೦೦೯-೧೦ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಲಾಯಿತು. ಕಾರ್ಡುಗಳನ್ನು ನಾವೇ ಆರಿಸಿಕೊಂಡು, ಹುಣಿಸೆಬೀಜ ಎಣಿಸಿ, ಗುಂಪಿನಲ್ಲಿ ಕುಳಿತು, ಏಣಿಯ ಮೆಟ್ಟಿಲು ಹತ್ತುವಂತೆ ಒಂದೊಂದೇ ಪಾಠವನ್ನು ದಾಟುತ್ತಿದ್ದೆವು. ನಾಲ್ಕನೆಯ ತರಗತಿಗೆ ಬಂದೊಡನೆ ಸಾಲಾಗಿ ಕುಳಿತು ಕರಿಹಲಗೆ ನೋಡುವುದು ಮೊದಲಾಯಿತು. ಎಂಟು ವರ್ಷದ ಮಗುವಿಗೆ ಕೈ ಬೇಕು, ಹದಿನೈದು ವರ್ಷದವರಿಗೆ ಬೇಡ ಎಂದು ಯಾರು ನಿರ್ಧರಿಸಿದರೋ ತಿಳಿಯದು. ವಿಷಯ ಕಠಿನವಾದಷ್ಟೂ ಕೈಯ ಸಹಾಯ ಹೆಚ್ಚು ಬೇಕಾಗುತ್ತದೆಂದು ನನ್ನ ಅಭಿಪ್ರಾಯ.

೨. ಹಿಂದಿನವರು ಮಾಡಿದ ಪ್ರಯತ್ನಗಳು

ಕೈಗೆಲಸದ ಮೂಲಕ ವಿದ್ಯೆ ಎಂಬುದು ಹೊಸ ವಿಚಾರವಲ್ಲ. ಅಮೆರಿಕದ ಜಾನ್ ಡ್ಯೂಯಿ ೧೮೯೬ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ತೆರೆದ ಪ್ರಯೋಗಶಾಲೆಯಲ್ಲಿ ಮಕ್ಕಳು ಅಡಿಗೆ, ಮರಗೆಲಸ, ನೇಯ್ಗೆಗಳಿಂದ ಗಣಿತ ಮತ್ತು ವಿಜ್ಞಾನಗಳಿಗೆ ಹೋಗುತ್ತಿದ್ದರು. ನಮ್ಮ ದೇಶದಲ್ಲಿ ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಲನದಲ್ಲಿ ಗಾಂಧೀಜಿಯವರು ಒಂದು ಕಸಬನ್ನು ಕೇಂದ್ರವಾಗಿಟ್ಟುಕೊಂಡು ಎಲ್ಲ ವಿಷಯಗಳನ್ನೂ ಕಲಿಸುವ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. ಡಾ. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಾಠಕ್ರಮವನ್ನು ರಚಿಸಿತು. ಆ ಯೋಜನೆ ನಿಲ್ಲದಿದ್ದುದಕ್ಕೆ ಅನೇಕ ಕಾರಣಗಳನ್ನು ಹೇಳುತ್ತಾರೆ. ಅವುಗಳಲ್ಲಿ ಒಂದು ನನ್ನ ಮನಸ್ಸಿಗೆ ಬಹಳ ನಾಟಿತು: ಬಡವರ ಮಕ್ಕಳಿಗೆ ರಾಟೆ, ಉಳ್ಳವರ ಮಕ್ಕಳಿಗೆ ಪುಸ್ತಕ ಎಂದಾಗುವುದೇನೋ ಎಂಬ ಶಂಕೆ ತಂದೆತಾಯಿಗಳಿಗಿತ್ತು. ಈ ಶಂಕೆಯನ್ನು ಕುರಿತು ಮುಂದೆ ಹೇಳುತ್ತೇನೆ. ೧೯೬೪-೬೬ರ ಕೊಠಾರಿ ಆಯೋಗವೂ 'ಕಾರ್ಯಾನುಭವ'ವು ಶಿಕ್ಷಣದ ಅಂಗವಾಗಬೇಕೆಂದು ಶಿಫಾರಸು ಮಾಡಿತು.

ವಿಜ್ಞಾನ ಬೋಧನೆಗೆ ನೇರವಾಗಿ ಸಂಬಂಧಿಸಿದ ಪ್ರಯತ್ನಗಳಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಕಾರ್ಯಕ್ರಮವು ಮುಖ್ಯವಾದುದು. ೧೯೭೨ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಅದು ಮೊದಲಾಯಿತು. ಪ್ರತಿ ಗುಂಪಿನ ಮಕ್ಕಳಿಗೂ ಅಗ್ಗದ ಸಾಮಗ್ರಿಗಳ ಪೆಟ್ಟಿಗೆ. ಪುಸ್ತಕದಲ್ಲಿ ಉತ್ತರಗಳಿಗೆ ಬದಲಾಗಿ ಮಾಡಬೇಕಾದ ಪ್ರಯೋಗಗಳು ಮತ್ತು ಪ್ರಶ್ನೆಗಳು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಅವರು ಪರೀಕ್ಷೆಯನ್ನೂ ಬದಲಾಯಿಸಿದರು. ಪುಸ್ತಕವನ್ನು ತೆರೆದಿಟ್ಟುಕೊಂಡು ಉತ್ತರ ಬರೆಯಬಹುದಾಗಿತ್ತು. ಕೈಯಿಂದ ಮಾಡಿತೋರಿಸುವ ಭಾಗವೂ ಇತ್ತು. ಮೂವತ್ತು ವರ್ಷ ನಡೆದು, ನೂರಾರು ಶಾಲೆಗಳಿಗೆ ಹಬ್ಬಿದ ಮೇಲೆ, ೨೦೦೨ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಇಂಜಿನಿಯರ್ ಅರವಿಂದ ಗುಪ್ತರು ೧೯೭೮ರಲ್ಲಿ ಈ ಹಳ್ಳಿಗಳಿಗೆ ಬಂದು, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಕೊಳವೆಗಳಿಂದ ಜ್ಯಾಮಿತಿಯ ಆಕೃತಿಗಳನ್ನು ಮಾಡುವುದನ್ನು ಕಂಡುಹಿಡಿದರು. ಕಸದಿಂದ ಆಟಿಕೆ ಮಾಡುವ ಈ ವಿದ್ಯೆಗಾಗಿ ಅವರಿಗೆ ೨೦೧೮ರಲ್ಲಿ ಪದ್ಮಶ್ರೀ ದೊರೆಯಿತು.

ನಮ್ಮ ರಾಜ್ಯದಲ್ಲಿ ೧೯೬೨ರಲ್ಲಿ ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ಅದರ 'ಬಾಲವಿಜ್ಞಾನ' ಪತ್ರಿಕೆ, ೧೯೯೯ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಈ ದಿಕ್ಕಿನಲ್ಲಿ ಕೆಲಸ ಮಾಡಿವೆ. ೨೦೧೬ರಲ್ಲಿ ಕೇಂದ್ರ ಸರ್ಕಾರವು ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯನ್ನು ಹೂಡಿ, ಆಯ್ಕೆಯಾದ ಶಾಲೆಗೆ ಇಪ್ಪತ್ತು ಲಕ್ಷ ರೂಪಾಯಿಗಳವರೆಗೆ ಸಹಾಯಧನ ಕೊಡಲಾರಂಭಿಸಿತು. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಮೈಕ್ರೋಕಂಟ್ರೋಲರು, ಸಂವೇದಕಗಳು, ತ್ರಿಆಯಾಮ ಮುದ್ರಣಯಂತ್ರಗಳನ್ನು ಬಳಸಿ ತಮ್ಮ ಕಲ್ಪನೆಯ ವಸ್ತುವನ್ನು ತಾವೇ ನಿರ್ಮಿಸಬೇಕೆಂಬುದು ಅದರ ಆಶಯ. ದೇಶದಲ್ಲಿ ಇಂಥ ಹತ್ತು ಸಾವಿರ ಪ್ರಯೋಗಾಲಯಗಳು ಸ್ಥಾಪಿತವಾದ ಮೇಲೆ, ೨೦೨೫ರ ಆಯವ್ಯಯದಲ್ಲಿ ಐದು ವರ್ಷಗಳಲ್ಲಿ ಇನ್ನೂ ಐವತ್ತು ಸಾವಿರವನ್ನು ಸರ್ಕಾರಿ ಶಾಲೆಗಳಲ್ಲಿ ತೆರೆಯುವುದಾಗಿ ಪ್ರಕಟಿಸಲಾಯಿತು. ಇದು ಸಂತೋಷದ ಸಂಗತಿ. ಆದರೆ ಯಂತ್ರ ಬಂದೊಡನೆ ಕಲಿಕೆ ಬಂದಂತಾಗುವುದಿಲ್ಲ. ಬೀರು ದೊಡ್ಡದಾದರೆ ಅದರ ಬೀಗವೂ ದೊಡ್ಡದಾಗಬಹುದು. ಆದುದರಿಂದ ಯಾವ ಸಹಾಯಧನಕ್ಕೂ ಕಾಯದೆ ನಮ್ಮ ಊರಿನ ಸಾಮಾನುಗಳಿಂದ ಏನು ಸಾಧ್ಯವೆಂಬುದನ್ನು ನೋಡಬೇಕೆಂದು ನನಗೆ ಅನಿಸಿತು.

೩. ಮೂರು ಪ್ರಯೋಗಗಳು

ನನ್ನ ತಂಗಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಕಳೆದ ಬೇಸಿಗೆಯ ರಜೆಯಲ್ಲಿ ಅವಳನ್ನೂ ಅವಳ ಗೆಳತಿಯರನ್ನೂ ಬೀದಿಯ ಇನ್ನು ಕೆಲವು ಮಕ್ಕಳನ್ನೂ ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಮೂರು ಕೆಲಸಗಳನ್ನು ಮಾಡಿದೆವು. ಮುಂದೆ ಉಪಾಧ್ಯಾಯರಾಗಲಿರುವ ನನ್ನ ಸಹಪಾಠಿಗಳಿಗೆ ಉಪಯೋಗವಾಗಲೆಂದು ಅವುಗಳನ್ನು ವಿವರಿಸುತ್ತೇನೆ.

ಮೊದಲನೆಯದು ತಕ್ಕಡಿ. ಒಂದು ಅಡಿಗಿಂತ ಸ್ವಲ್ಪ ಉದ್ದದ ಬಿದಿರು ಕಡ್ಡಿ, ದಾರ, ಎರಡು ಡಬ್ಬಿಯ ಮುಚ್ಚಳಗಳು. ತೂಕದ ಕಲ್ಲಿಗೆ ಬದಲು ಸೂಜಿಯಿಲ್ಲದ ಹೊಸ ಸಿರಿಂಜು. ಒಂದು ಮಿಲಿಲೀಟರು ನೀರಿನ ತೂಕ ಸುಮಾರು ಒಂದು ಗ್ರಾಂ ಆದುದರಿಂದ, ಒಂದು ಮುಚ್ಚಳದಲ್ಲಿ ವಸ್ತುವನ್ನಿಟ್ಟು ಇನ್ನೊಂದಕ್ಕೆ ಸಿರಿಂಜಿನಿಂದ ನೀರು ಬಿಡುತ್ತ ಹೋದರೆ ತೂಕ ತಿಳಿಯುತ್ತದೆ. ಒಂದೇ ಕಡಲೆಕಾಯಿಯನ್ನು ಇಬ್ಬರು ತೂಗಿದಾಗ ಬೇರೆ ಬೇರೆ ಉತ್ತರ ಬಂದಿತು, ಜಗಳವಾಯಿತು. ದಾರ ಸರಿಯಾಗಿ ನಡುವೆ ಇಲ್ಲವೆಂಬುದು ಕೊನೆಗೆ ಹೊರಬಿದ್ದಿತು. ವಸ್ತುವನ್ನು ಎಡದಿಂದ ಬಲಕ್ಕೆ ಬದಲಾಯಿಸಿ ತೂಗಿದರೆ ತಕ್ಕಡಿಯ ಸುಳ್ಳು ಬಯಲಾಗುತ್ತದೆಂದು ಒಬ್ಬ ಹುಡುಗನೇ ಕಂಡುಕೊಂಡನು. ಸನ್ನೆಕೋಲಿನ ಪಾಠವನ್ನು ನಾನು ಹೇಳಬೇಕಾಗಲಿಲ್ಲ, ಅವರೇ ಕೇಳಿದರು.

ಎರಡನೆಯದು ಕಬ್ಬಿನ ಹಾಲಿನ ಸಾಂದ್ರತೆ ಅಳೆಯುವ ಕೊಳವೆ. ಮಂಡ್ಯದ ಸಕ್ಕರೆ ಕಾರ್ಖಾನೆ ೧೯೩೩ರಲ್ಲಿ ಹುಟ್ಟಿದಂದಿನಿಂದ ನಮ್ಮ ಕಡೆಯ ರೈತರ ಬಾಳು ಕಬ್ಬಿನೊಡನೆ ಹೆಣೆದುಕೊಂಡಿದೆ. ಕೇಂದ್ರ ಸರ್ಕಾರವು ಕಬ್ಬಿನ ಬೆಲೆಯನ್ನು ನಿಗದಿಮಾಡುವಾಗ ಅದರಿಂದ ದೊರೆಯುವ ಸಕ್ಕರೆಯ ಇಳುವರಿಗೆ ಹೊಂದಿಸುತ್ತದೆ. ಆದರೂ ಅದನ್ನು ಅಳೆಯುವುದು ಹೇಗೆಂಬುದು ರೈತನ ಮಕ್ಕಳಿಗೆ ತಿಳಿಯದು. ಎಳನೀರು ಕುಡಿಯುವ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಮೇಣದಿಂದ ಮುಚ್ಚಿ, ಒಳಗೆ ಸಣ್ಣ ಮರಳು ಹಾಕಿ, ಎತ್ತರದ ಲೋಟದ ನೀರಿನಲ್ಲಿ ನೆಟ್ಟಗೆ ತೇಲುವಂತೆ ಮಾಡಿದೆವು. ಹನ್ನೆರಡು ಸೆಂಟಿಮೀಟರು ಮುಳುಗುವವರೆಗೆ ಮರಳನ್ನು ಸರಿಪಡಿಸಿ ಅಲ್ಲಿ ಗುರುತು ಹಾಕಿದೆವು. ಆಮೇಲೆ ನಮ್ಮ ತಕ್ಕಡಿಯಲ್ಲಿಯೇ ತೂಗಿ, ಹತ್ತು ಭಾಗ ಸಕ್ಕರೆಗೆ ತೊಂಬತ್ತು ಭಾಗ ನೀರು, ಇಪ್ಪತ್ತು ಭಾಗಕ್ಕೆ ಎಂಬತ್ತು ಭಾಗ ಎಂದು ಎರಡು ಪಾನಕಗಳನ್ನು ಮಾಡಿ ಅವುಗಳಲ್ಲಿ ತೇಲಿಸಿದೆವು. ದ್ರವ ಸಾಂದ್ರವಾದಷ್ಟೂ ಕೊಳವೆ ಮೇಲೇಳುತ್ತದೆ. ಲೆಕ್ಕದ ಪ್ರಕಾರ ಮೊದಲನೆಯದರಲ್ಲಿ ಸುಮಾರು ಐದು, ಎರಡನೆಯದರಲ್ಲಿ ಸುಮಾರು ಒಂಬತ್ತು ಮಿಲಿಮೀಟರು ಏಳಬೇಕು. ನಮ್ಮದು ಹೆಚ್ಚುಕಡಿಮೆ ಹಾಗೆಯೇ ಎದ್ದಿತು. ಇವೇ ನಮ್ಮ ಅಳತೆಗೋಲಿನ ಮನೆಗಳಾದುವು.

ಬಳಿಕ ಒಂದೇ ಕಬ್ಬಿನ ಬುಡದ ತುಂಡನ್ನೂ ತುದಿಯ ತುಂಡನ್ನೂ ಬೇರೆಬೇರೆ ಜಜ್ಜಿ, ಹಿಂಡಿ, ಬಟ್ಟೆಯಲ್ಲಿ ಸೋಸಿ ಪರೀಕ್ಷಿಸಿದೆವು. ಮೊದಲ ಸಲ ನೊರೆಯಲ್ಲಿ ಗುರುತು ಕಾಣದೆ ಕೆಲಸ ಕೆಟ್ಟಿತು. ನೊರೆ ಇಳಿಯುವವರೆಗೆ ಕಾದು ಮತ್ತೆ ನೋಡಿದಾಗ ಬುಡದ ಹಾಲಿನಲ್ಲಿ ಕೊಳವೆ ಎರಡು ಮೂರು ಮಿಲಿಮೀಟರು ಹೆಚ್ಚು ಎದ್ದಿತು. ಬುಡದ ಕಬ್ಬು ಸಿಹಿ ಎಂಬುದು ಹಲ್ಲಿಗೆ ಗೊತ್ತಿದ್ದ ಸಂಗತಿ. ಈಗ ಅದಕ್ಕೆ ಒಂದು ಅಂಕಿ ಸಿಕ್ಕಿತು. ಕೊಳವೆ ಅಳೆಯುವುದು ಸಕ್ಕರೆಯನ್ನು ಮಾತ್ರವಲ್ಲ, ಹಾಲಿನಲ್ಲಿ ಕರಗಿದ ಎಲ್ಲವನ್ನೂ ಎಂಬ ಎಚ್ಚರಿಕೆಯನ್ನು ಮಾತ್ರ ಮಕ್ಕಳಿಗೆ ಹೇಳಬೇಕು. ಆಲೆಮನೆಯ ಹಿರಿಯರು ಪಾಕವನ್ನು ತಣ್ಣೀರಿಗೆ ಬಿಟ್ಟು ಹದ ನೋಡುವುದೂ ಒಂದು ಅಳತೆಯೇ ಎಂದು ಆ ದಿನ ಒಬ್ಬ ಹುಡುಗಿ ಹೇಳಿದಳು. ಆ ಮಾತು ಯಾವ ಪಠ್ಯಪುಸ್ತಕದಿಂದಲೂ ಬಂದುದಲ್ಲ.

ಮೂರನೆಯದು ಮೋಟಾರು. ತಂದೆಯವರ ಅಂಗಡಿಯಿಂದ ತಂದ ಎನಾಮಲ್ ಲೇಪದ ತಾಮ್ರದ ತಂತಿಯನ್ನು ಹತ್ತು ಹದಿನೈದು ಸುತ್ತು ಸುತ್ತಿ, ಎರಡು ತುದಿಗಳನ್ನು ಎದುರುಬದುರಾಗಿ ಚಾಚಿ, ಒಂದು ಟಾರ್ಚು ಸೆಲ್ಲಿನ ಎರಡು ತುದಿಗಳಿಗೆ ಕಟ್ಟಿದ ಪಿನ್ನುಗಳ ಕಣ್ಣಿನಲ್ಲಿ ಕೂರಿಸಿದೆವು. ಕೆಳಗೆ ಹಳೆಯ ಸ್ಪೀಕರಿನ ಅಯಸ್ಕಾಂತ. ತುದಿಗಳ ಲೇಪವನ್ನು ನಾನೇ ಚೆನ್ನಾಗಿ ಕೆರೆದೆ. ಸುರುಳಿ ಅತ್ತಿತ್ತ ತೂಗಿ ನಿಂತುಬಿಟ್ಟಿತು. ಮಕ್ಕಳೆಲ್ಲ ನನ್ನ ಮುಖ ನೋಡಿದರು. ಹತ್ತನೆಯ ತರಗತಿಯ ಭಯವೆಲ್ಲ ಮತ್ತೆ ಎದ್ದು ಬಂದಿತು.

ಅಷ್ಟರಲ್ಲಿ ಅಂಗಡಿಯಿಂದ ಬಂದ ತಂದೆಯವರು ನೋಡಿ ನಕ್ಕರು. "ಎರಡೂ ಕಡೆ ಪೂರಾ ಕೆರೆದಿದ್ದೀಯ. ಒಂದು ಕಡೆ ಅರ್ಧ ಮಗ್ಗುಲು ಬಿಡಬೇಕು" ಎಂದು ಹೇಳಿ ಬೇರೆ ತಂತಿ ಸುತ್ತಿ ಕೊಟ್ಟರು. ಒಂದು ತುದಿಯ ಲೇಪವನ್ನು ಸುತ್ತಲೂ, ಇನ್ನೊಂದರದನ್ನು ಅರ್ಧ ಮಗ್ಗುಲು ಮಾತ್ರ ಕೆರೆದಿದ್ದರು. ಬೆರಳಿನಿಂದ ತುಸು ತಳ್ಳಿದೊಡನೆ ಸುರುಳಿ ಗಿರ್ರನೆ ತಿರುಗಿತು. ಏಕೆ? ಸುರುಳಿ ಅರ್ಧ ತಿರುಗಿದ ಮೇಲೆ ಅದರ ಎರಡು ಪಕ್ಕಗಳು ಅದಲುಬದಲಾಗುವುದರಿಂದ, ಪ್ರವಾಹ ಹಾಗೆಯೇ ಹರಿದರೆ ಬಲವು ಅದನ್ನು ಹಿಂದಕ್ಕೆ ತಿರುಗಿಸುತ್ತದೆ. ಆ ಅರ್ಧದಲ್ಲಿ ಲೇಪವು ಪ್ರವಾಹವನ್ನು ತಡೆದರೆ ಸುರುಳಿ ತನ್ನ ವೇಗದಿಂದಲೇ ಮುಂದೆ ಸಾಗಿ ಮತ್ತೆ ತಳ್ಳಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ನಾನು ಹತ್ತಾರು ಬಾರಿ ಬರೆದ ಒಡೆದ ಉಂಗುರವಿತ್ತಲ್ಲ, ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿ ಅರ್ಧಸುತ್ತಿಗೂ ಪ್ರವಾಹದ ದಿಕ್ಕನ್ನೇ ತಿರುಗಿಸುತ್ತದೆ. ಐದು ವರ್ಷಗಳ ಹಿಂದೆ ಬರೆದ ಉತ್ತರದ ಅರ್ಥ ಆ ಸಂಜೆ ನನಗೆ ಆಯಿತು.

ಮರುದಿನ ತಂದೆಯವರು ಕೆಟ್ಟ ಮಿಕ್ಸಿಯೊಂದರ ತಿರುಗುಭಾಗವನ್ನು ತಂದು, ಅದರ ಕತ್ತಿನಲ್ಲಿದ್ದ ತಾಮ್ರದ ಪಟ್ಟಿಗಳನ್ನು ಮಕ್ಕಳಿಗೆ ತೋರಿಸಿದರು. ಪುಸ್ತಕದ ಉಂಗುರಕ್ಕೆ ಎರಡೇ ತುಂಡು, ಇದರಲ್ಲಿ ಅನೇಕ. ಪಂಪಿನ ಮೋಟಾರಿನಲ್ಲಿ ಈ ಉಂಗುರವೇ ಇಲ್ಲ, ಅದು ತಿರುಗುವ ಬಗೆಯೇ ಬೇರೆ ಎಂದೂ ಹೇಳಿದರು. ಏಕೆಂದು ಮಕ್ಕಳು ಕೇಳಿದಾಗ, "ಅದು ಹಂಗೆ ಸುತ್ತಬೇಕು ಅನ್ನೋದು ಗೊತ್ತು, ಯಾಕೆ ಅನ್ನೋದು ನಿಮ್ಮ ಪುಸ್ತಕದಾಗಿರಬೇಕು, ಓದಿ ನನಗೂ ಹೇಳಿ" ಎಂದರು. ತಂಗಿ ಆ ರಾತ್ರಿ ನನ್ನ ಹಳೆಯ ಪುಸ್ತಕವನ್ನು ಹುಡುಕಿ ತೆಗೆದಳು. ಮೋಟಾರಿನ ಮೂಲತತ್ತ್ವವನ್ನು ೧೮೨೧ರಲ್ಲಿ ಪ್ರಯೋಗದಿಂದ ತೋರಿಸಿದ ಮೈಕೇಲ್ ಫ್ಯಾರಡೆ ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತವನು ಎಂಬುದನ್ನು ನಾನು ಅವರಿಗೆ ಹೇಳಿದೆ. ತಂದೆಯವರು ಬಹಳ ಹೊತ್ತು ಆ ಮಾತನ್ನೇ ಯೋಚಿಸುತ್ತಿದ್ದರು.

(ಎಚ್ಚರಿಕೆ: ಈ ಪ್ರಯೋಗಕ್ಕೆ ಒಂದು ಸೆಲ್ಲು ಸಾಕು. ಬಹಳ ಹೊತ್ತು ಜೋಡಿಸಿಟ್ಟರೆ ಸೆಲ್ಲು ಬಿಸಿಯಾಗುತ್ತದೆ. ಮನೆಯ ವಿದ್ಯುತ್ತಿನ ಬಳಿಗೆ ಮಾತ್ರ ಎಂದಿಗೂ ಕೊಂಡೊಯ್ಯಬಾರದು.)

೪. ಆಕ್ಷೇಪಣೆಗಳು

ಇದಕ್ಕೆ ಸಮಯವೆಲ್ಲಿದೆ, ಪಾಠಗಳು ಮುಗಿಯಬೇಡವೆ ಎಂಬುದು ಮೊದಲನೆಯ ಆಕ್ಷೇಪಣೆ. ಎಲ್ಲ ಪಾಠಗಳನ್ನೂ ಹೀಗೆ ಮಾಡಬೇಕೆಂದು ನಾನು ಹೇಳುವುದಿಲ್ಲ. ತಿಂಗಳಿಗೆ ಒಂದು ಕೆಲಸವಾದರೂ ವರ್ಷಕ್ಕೆ ಹತ್ತಾಗುತ್ತದೆ. ಎರಡನೆಯದು ಪರೀಕ್ಷೆ. ಪ್ರಶ್ನೆಪತ್ರಿಕೆಯು ಬಾಯಿಪಾಠವನ್ನೇ ಕೇಳುವವರೆಗೆ ಯಾವ ಉಪಾಧ್ಯಾಯರೂ ಬೀರುವಿನ ಬೀಗ ತೆಗೆಯುವ ಧೈರ್ಯ ಮಾಡಲಾರರು. ಹೋಶಂಗಾಬಾದಿನವರು ಪರೀಕ್ಷೆಯನ್ನು ಬದಲಾಯಿಸಿದುದು ಈ ಕಾರಣದಿಂದಲೇ. ಮೂರನೆಯ ಆಕ್ಷೇಪಣೆ ನನಗೆ ನಿಜವಾಗಿಯೂ ತೂಕವುಳ್ಳದ್ದಾಗಿ ಕಾಣುತ್ತದೆ: ಮಾಡುವುದೆಲ್ಲ ತಿಳಿಯುವುದಾಗುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಚಿತ್ರ ನೋಡಿ ಜೋಡಿಸಿದ ಮಗು ಒಂದು ಆಟಿಕೆಯನ್ನು ಪಡೆಯುತ್ತದೆ, ಅಷ್ಟೆ. ಏಕೆ ನಿಂತಿತು, ಏಕೆ ತಿರುಗಿತು ಎಂಬ ಪ್ರಶ್ನೆ ಹುಟ್ಟಿದಾಗ ಮಾತ್ರ ಅದು ವಿಜ್ಞಾನವಾಗುತ್ತದೆ. ನಮ್ಮ ಜಗಲಿಯಲ್ಲಿ ಹೆಚ್ಚು ಕಲಿಸಿದುದು ಸುಳ್ಳು ತಕ್ಕಡಿ, ನೊರೆ ಮತ್ತು ತಿರುಗದ ಸುರುಳಿ. ಉಪಾಧ್ಯಾಯರು ತಪ್ಪಿಗೆ ಎಡೆಗೊಡಬೇಕು, ತಪ್ಪಾದಲ್ಲಿ ನಿಂತು ಕೇಳಬೇಕು.

ಕೊನೆಯ ಆಕ್ಷೇಪಣೆ ನನ್ನ ಮನೆಯಲ್ಲಿಯೇ ಹುಟ್ಟಿದುದು. ಮೋಟಾರಿನ ದಿನ ತಂದೆಯವರು ಸಂತೋಷಪಟ್ಟರೂ, ಕೆಲವು ದಿನಗಳ ಬಳಿಕ ತಂಗಿ ಅಂಗಡಿಗೆ ಬರುತ್ತೇನೆಂದಾಗ ಅವರ ಮುಖ ಸಪ್ಪಗಾಯಿತು. "ನಾನು ಕೈ ಕರಿ ಮಾಡ್ಕಂಡಿದ್ದು ನೀವು ಮಾಡ್ಕಬಾರ್ದು ಅಂತ" ಎಂದರು. ವಾರ್ಧಾ ಯೋಜನೆಯ ಕಾಲದ ತಂದೆತಾಯಿಗಳ ಶಂಕೆ ಇದೇ ಅಲ್ಲವೆ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಪುಸ್ತಕವೇ ನಮ್ಮನ್ನು ಮೇಲೆತ್ತುವುದೆಂದು ನಂಬಿ ದುಡಿದವರಿಗೆ, ಮತ್ತೆ ಕೈಗೆಲಸದ ಮಾತು ಹೇಳಿದರೆ ಮೋಸದಂತೆ ಕಾಣುವುದು ಸಹಜ. ಆದುದರಿಂದ ಸ್ಪಷ್ಟವಾಗಿ ಹೇಳಬೇಕು: ಬಡವರ ಮಕ್ಕಳನ್ನು ಕಸಬಿನಲ್ಲಿಯೇ ನಿಲ್ಲಿಸುವ ಕೈಗೆಲಸ ನಮಗೆ ಬೇಡ. ಕಸಬುದಾರನ ಬೆರಳಿನಲ್ಲಿರುವುದಕ್ಕೂ ಪುಸ್ತಕದ ಸೂತ್ರಕ್ಕೂ ನಡುವಿರುವ ಗೋಡೆಯನ್ನು ಒಡೆಯುವ ಕೈಗೆಲಸ ಬೇಕು; ಅದು ಪಟ್ಟಣದ ಉಳ್ಳವರ ಮಕ್ಕಳಿಗೂ ಅಷ್ಟೇ ಬೇಕು.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಗಳ ನಡುವೆ ಹತ್ತು ದಿನ ಮಕ್ಕಳು ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಬಡಗಿ, ಕುಂಬಾರ ಮುಂತಾದವರ ಬಳಿ ಕಲಿಯಬೇಕೆಂಬ ಸಲಹೆಯಿದೆ. ನಮ್ಮ ರಾಜ್ಯವು ೨೦೨೩ರಲ್ಲಿ ತನ್ನದೇ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ನೀತಿ ಯಾವುದಾದರೂ ಆಗಲಿ, ಏಳನೆಯ ತರಗತಿಯವರೆಗೆ ಓದಿದ ಒಬ್ಬ ಮೋಟಾರು ಕೆಲಸಗಾರ ವಿಜ್ಞಾನದ ಉಪಾಧ್ಯಾಯರ ಪಕ್ಕದಲ್ಲಿ ನಿಂತು, ಒಬ್ಬರು 'ಹೇಗೆ' ಎಂಬುದನ್ನೂ ಇನ್ನೊಬ್ಬರು 'ಏಕೆ' ಎಂಬುದನ್ನೂ ಹೇಳುವ ದಿನ ಬಂದರೆ ಅದು ಒಳ್ಳೆಯ ದಿನವೇ ಸರಿ.

೫. ಮುಕ್ತಾಯ

ನಮ್ಮ ಕಾಲೇಜಿನಿಂದ ಹೊರಡುವವರಲ್ಲಿ ಅನೇಕರು ಬಿ.ಎಡ್. ಓದಿ ಶಾಲೆಗಳಿಗೆ ಹೋಗುವವರು. ನನ್ನ ಆಸೆಯೂ ಅದೇ. ನಾವು ಕಲಿಸುವುದು ಇತಿಹಾಸವೋ ಕನ್ನಡವೋ ಆಗಿರಬಹುದು. ಆದರೂ ಶಾಲೆಯ ಬೀರು ನಮ್ಮ ಕಣ್ಣಿಗೂ ಬೀಳುತ್ತದೆ. ನಮ್ಮ ರಾಷ್ಟ್ರೀಯ ಸೇವಾಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಒಂದು ಮಧ್ಯಾಹ್ನವನ್ನು ಆ ಊರಿನ ಶಾಲೆಯ ಮಕ್ಕಳೊಡನೆ ತಕ್ಕಡಿ ಕಟ್ಟುವುದಕ್ಕೆ ಮೀಸಲಿಡಬಹುದೆಂದು ನಮ್ಮ ಅಧ್ಯಾಪಕರಲ್ಲಿ ವಿನಂತಿಸುತ್ತೇನೆ. ಖರ್ಚು ನೂರು ರೂಪಾಯಿ ಮೀರದು.

ತಂಗಿ ಬರುವ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುತ್ತಾಳೆ. ಆಮೇಲೆ ವಿಜ್ಞಾನ ತೆಗೆದುಕೊಳ್ಳುವಳೋ ಕಲೆಯನ್ನೋ ನನಗೆ ತಿಳಿಯದು. ನಾನು ಕೇಳಿಯೂ ಇಲ್ಲ. ಯಾವುದನ್ನು ಬಿಟ್ಟರೂ ಹೆದರಿ ಬಿಡದಿರಲಿ ಎಂಬುದಷ್ಟೇ ನನ್ನ ಹಾರೈಕೆ. ಪಂಪಿನ ಮೋಟಾರಿನಲ್ಲಿ ಆ ಉಂಗುರ ಏಕಿಲ್ಲ ಎಂಬ ಪ್ರಶ್ನೆಗೆ ಅವಳಿನ್ನೂ ಪುಸ್ತಕಗಳಲ್ಲಿ ಉತ್ತರ ಹುಡುಕುತ್ತಿದ್ದಾಳೆ. ತಂದೆಯವರು ದಿನವೂ ಊಟಕ್ಕೆ ಕುಳಿತಾಗ, "ಸಿಕ್ತಾ?" ಎಂದು ಕೇಳುತ್ತಾರೆ.